ಮಲೆನಾಡಿನ ಮಳೆಗೆ ಕೊಳೆಯದ ದೊಡ್ಡಪತ್ರೆ: ಕಡ್ಡಿ ನೆಡುವುದರಿಂದ ಜೇನಿಗೆ ಹೂ ಬಿಡಿಸುವವರೆಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೊಡ್ಡಪತ್ರೆ ಇಲ್ಲದ ಅಂಗಳ ಹುಡುಕುವುದು ಕಷ್ಟ. ತುಳಸಿಕಟ್ಟೆಯ ಪಕ್ಕದಲ್ಲೋ, ತೂತಾದ ಬಕೆಟ್ಟಿನಲ್ಲೋ ಒಂದು ಗಿಡ ಇದ್ದೇ ಇರುತ್ತದೆ. ಆದರೆ ಬಹಳ ಮನೆಗಳಲ್ಲಿ ಪ್ರತಿ ವರ್ಷ ಅದೇ ಮಾತು: ಬೇಸಿಗೆಯಲ್ಲಿ ಹುಲುಸಾಗಿತ್ತು, ಆರಿದ್ರಾ ಮಳೆ ಹಿಡಿದದ್ದೇ ಬುಡ ಕಪ್ಪಾಗಿ ಮಲಗಿಬಿಟ್ಟಿತು. ದಸರಾ ಕಳೆದ ಮೇಲೆ ಪಕ್ಕದ ಮನೆಯಿಂದ ಮತ್ತೆ ಒಂದು ಕಡ್ಡಿ ತರುವುದು, ನೆಡುವುದು, ಮುಂದಿನ ಜೂನ್‌ನಲ್ಲಿ ಮತ್ತೆ ಕಳೆದುಕೊಳ್ಳುವುದು.

ಇದು ಗಿಡದ ತಪ್ಪಲ್ಲ. ದೊಡ್ಡಪತ್ರೆಯ ಮೂಲ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗದ, ಅರೇಬಿಯಾ ಕಡೆಯ ಒಣ ಕಲ್ಲುನೆಲ. ಬಂಡೆಯ ಸಂದಿನಲ್ಲಿ, ಬಂದ ನೀರು ಬಂದ ಹಾಗೆ ಇಳಿದುಹೋಗುವ ಮಣ್ಣಿನಲ್ಲಿ ಬದುಕಿ ಬಂದದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ; ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಬಯಲುಸೀಮೆಯವರಿಗೆ ಈ ಗಿಡದ ವಿಚಾರದಲ್ಲಿ ನೀರುಣಿಸುವ ಚಿಂತೆಯಾದರೆ ನಮಗೆ ನೀರು ಬಸಿಯುವ ಚಿಂತೆ. ಕುಂಡ, ಮಣ್ಣು, ಜಾಗ, ಕತ್ತರಿಸುವ ತಿಂಗಳು, ಎಲ್ಲವನ್ನೂ ಜೂನ್ ತಿಂಗಳನ್ನು ಕಣ್ಣೆದುರು ಇಟ್ಟುಕೊಂಡೇ ನಿರ್ಧರಿಸಬೇಕು. ಅಷ್ಟಾದರೆ ಒಂದೇ ಗಿಡ ಎರಡು ಮೂರು ವರ್ಷ ಬಾಳುತ್ತದೆ, ಚಳಿಗಾಲ ಕಳೆಯುವ ಹೊತ್ತಿಗೆ ಹೂವನ್ನೂ ಕೊಡಬಹುದು.

ಯಾವ ಗಿಡ, ಯಾವುದು ಅಲ್ಲ

ಹೆಸರಿನ ಗೊಂದಲ ಮೊದಲು ಬಿಡಿಸಿಕೊಳ್ಳಬೇಕು. ದೊಡ್ಡಪತ್ರೆಯನ್ನೇ ಕೆಲವರು ಸಾಂಬ್ರಾಣಿ ಸೊಪ್ಪು ಅನ್ನುತ್ತಾರೆ, ಕೆಲವರು ಕರ್ಪೂರವಳ್ಳಿ. ಸಸ್ಯಶಾಸ್ತ್ರದಲ್ಲಿ ಇದು ಕೋಲಿಯಸ್ ಆಂಬೋಯಿನಿಕಸ್. ಹಳೆಯ ಪುಸ್ತಕಗಳಲ್ಲಿ ಪ್ಲೆಕ್ಟ್ರಾಂಥಸ್ ಆಂಬೋಯಿನಿಕಸ್ ಎಂದಿರುತ್ತದೆ. ತುಳಸಿಯ ಕುಟುಂಬದ್ದೇ. ಎಲೆ ದಪ್ಪ, ಬೆರಳಲ್ಲಿ ಹಿಡಿದರೆ ಮಖಮಲ್ಲಿನ ಹಾಗೆ ಮೆತ್ತಗೆ. ಅಂಚು ದುಂಡು ಹಲ್ಲಿನದು. ಹಿಸುಕಿದರೆ ಓಮದ ವಾಸನೆ. ಓಮದ ಘಮಕ್ಕೆ ಕಾರಣವಾದ ಥೈಮಾಲ್, ಅದರ ಜೊತೆಗಾರ ಕಾರ್ವಕ್ರಾಲ್, ಇವೆರಡೂ ಈ ಎಲೆಯ ಎಣ್ಣೆಯಲ್ಲೂ ಸಿಗುತ್ತವೆ.

ಸಾಂಬ್ರಾಣಿ ಗೆಡ್ಡೆ ಬೇರೆ ಗಿಡ. ಅದು ಹತ್ತಿರದ ನೆಂಟನೇ ಆದರೂ ಬೆಳೆಯುವುದು ನೆಲದಡಿಯ ಗೆಡ್ಡೆಗಾಗಿ. ಉಪ್ಪಿನಕಾಯಿಗೆ ಬೆಳೆಸುವ ಮಾಕಂದಿ ಬೇರೂ ಬೇರೆ. ನರ್ಸರಿಗಳಲ್ಲಿ ‘ವಿಕ್ಸ್ ಗಿಡ’ ಎಂದು ಮಾರುವ, ಚಿಕ್ಕ ಬೂದುಹಸಿರು ಎಲೆಯದು ಇನ್ನೊಂದು, ಅದು ಅಡುಗೆಗಲ್ಲ. ಬಿಳಿ ಅಂಚಿನ ದೊಡ್ಡಪತ್ರೆ ಮಾತ್ರ ಇದೇ ಜಾತಿ. ನೋಡಲು ಚೆಂದ, ಬೆಳೆಯುವುದು ನಿಧಾನ. ಅದರಲ್ಲಿ ನಡುನಡುವೆ ಪೂರ್ತಿ ಹಸಿರು ಚಿಗುರು ಬಂದರೆ ಬುಡದಿಂದಲೇ ಚಿವುಟಿ ಹಾಕಿ. ಬಿಟ್ಟರೆ ಹಸಿರು ಕೊಂಬೆಯೇ ಗಿಡವನ್ನು ಆವರಿಸಿಕೊಳ್ಳುತ್ತದೆ.

ಎಲೆಯ ಆ ಮೆತ್ತನೆಯ ರೋಮಕ್ಕೂ ಗಿಡದ ಬರ ತಡೆಯುವ ಶಕ್ತಿಗೂ ಸಂಬಂಧವಿದೆ. ರೋಮಗಳ ನಡುವೆ ಗಾಳಿ ಅಲುಗಾಡದೆ ನಿಲ್ಲುವುದರಿಂದ ಎಲೆಯ ನೀರು ಬೇಗ ಆರುವುದಿಲ್ಲ, ಎಲೆಯ ದಪ್ಪ ತಿರುಳು ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಆದರೆ ಇದೇ ರೋಮ ಮಳೆಗಾಲದಲ್ಲಿ ಹನಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕು ದಿನ ಬಿಸಿಲು ಕಾಣದಿದ್ದರೆ ಆ ತೇವದಲ್ಲೇ ಕೊಳೆ ಶುರುವಾಗುತ್ತದೆ.

ನೆಡುವ ಕಾಲ

ಹಸ್ತ, ಚಿತ್ತಾ ಮಳೆ ಮುಗಿದು ಬಿಸಿಲು ನೆಟ್ಟಗಾದ ಮೇಲೆ, ಅಂದರೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಪೂರ್ತಿ, ಕಡ್ಡಿ ನೆಡಲು ಎಲ್ಲಕ್ಕಿಂತ ಒಳ್ಳೆಯ ಸಮಯ. ಆಗ ನೆಟ್ಟ ಗಿಡಕ್ಕೆ ಬೇರು ಊರಿ, ಕಾಂಡ ಬಲಿಯಲು ಏಳು ತಿಂಗಳು ಸಿಗುತ್ತದೆ. ಫೆಬ್ರವರಿವರೆಗೂ ನೆಡಬಹುದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮಣ್ಣು ಹದವಾಗಿದೆ ಎಂದು ನೆಡುವುದು ಸಾಮಾನ್ಯವಾಗಿ ಆಗುವ ತಪ್ಪು. ಗಿಡ ಚಿಗುರುವುದೇನೋ ಚಿಗುರುತ್ತದೆ, ಆದರೆ ಎಳೆ ಕಾಂಡದಲ್ಲೇ ಜೂನ್ ಮಳೆಗೆ ಸಿಕ್ಕಿ ಹೋಗುತ್ತದೆ.

ಮಣ್ಣು ಹದ ಮಾಡುವುದು

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಮಳೆ ಹೆಚ್ಚಿದ ಕಡೆ ಸುಣ್ಣದ ಅಂಶ ತೊಳೆದುಹೋಗಿ, ಹುಳಿಯ ಅಳತೆಯಾದ ರಸಸಾರ (ಪಿಎಚ್) ಐದೂವರೆಯ ಆಸುಪಾಸಿಗೆ ಇಳಿದಿರುವುದು ಸಾಮಾನ್ಯ. ದೊಡ್ಡಪತ್ರೆಗೆ ಆರರಿಂದ ಏಳು ಹಿತ. ಜೊತೆಗೆ ಈ ಮಣ್ಣು ಕುಂಡದಲ್ಲಿ ಒತ್ತಿ ಕೂತರೆ ಇಟ್ಟಿಗೆಯಂತಾಗುತ್ತದೆ, ನೀರು ಮೇಲೆಯೇ ನಿಲ್ಲುತ್ತದೆ.

ಅಳತೆ ಹೀಗಿರಲಿ: ಜರಡಿ ಹಿಡಿದ ಕೆಮ್ಮಣ್ಣು 2 ಪಾಲು, ದಪ್ಪ ಮರಳು 2 ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು. ಮರಳು ಸಿಗದಿದ್ದರೆ ಜಂಬಿಟ್ಟಿಗೆ ಕಲ್ಲು ಕೊಯ್ದ ಕಡೆ ಬೀಳುವ ಚೂರನ್ನೋ ಹಳೆಯ ಹೆಂಚಿನ ಚೂರನ್ನೋ ಕಡಲೆಕಾಳಿನ ಗಾತ್ರಕ್ಕೆ ಪುಡಿಮಾಡಿ ಹಾಕಬಹುದು. ಎಂ-ಸ್ಯಾಂಡ್ ಆದರೆ ಸಣ್ಣ ಜರಡಿಯಲ್ಲಿ ದೂಳನ್ನು ತೆಗೆದು, ಉಳಿದ ದಪ್ಪ ಕಣವನ್ನಷ್ಟೇ ಬಳಸಿ. ದೂಳು ಸೇರಿದರೆ ಮಣ್ಣು ಗಾರೆಯಂತೆ ಕಟ್ಟಿಕೊಳ್ಳುತ್ತದೆ.

ಹುಳಿ ತಗ್ಗಿಸಲು 12 ಇಂಚಿನ ಕುಂಡವೊಂದರ ಮಣ್ಣಿಗೆ ಬಚ್ಚಲೊಲೆಯ ಬೂದಿ ಒಂದು ಹಿಡಿ, ಅಥವಾ ಕೃಷಿ ಸುಣ್ಣ ಒಂದು ಊಟದ ಚಮಚ ಸಾಕು. ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಲೆಗೆ ಪ್ಲಾಸ್ಟಿಕ್ ಹಾಕುವ ಅಭ್ಯಾಸ ಇರುವ ಮನೆಯ ಬೂದಿ ಖಂಡಿತ ಬೇಡ; ಇದು ತಿನ್ನುವ ಎಲೆ. ಸುಣ್ಣವನ್ನು ಗೊಬ್ಬರದ ಜೊತೆ ಒಟ್ಟಿಗೆ ಬೆರೆಸಬೇಡಿ, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೊದಲು ಮಣ್ಣಿಗೆ ಸುಣ್ಣ ಸೇರಿಸಿ, ನೀರು ಚಿಮುಕಿಸಿ, ಎರಡು ವಾರ ಬಿಟ್ಟು ಗೊಬ್ಬರ ಬೆರೆಸಿ.

ಅಡಿಕೆ ಸಿಪ್ಪೆ ನಮ್ಮಲ್ಲಿ ರಾಶಿ ರಾಶಿ ಸಿಗುತ್ತದೆ, ಕುಂಡಕ್ಕೆ ತುಂಬಿಬಿಡೋಣ ಅನ್ನಿಸುವುದು ಸಹಜ. ಈ ಗಿಡಕ್ಕೆ ಬೇಡ. ಕಳಿಯಲು ಬಹಳ ಕಾಲ ಬೇಕು, ಕಳಿಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ನೀರು ಹೀರಿಕೊಂಡು ಒದ್ದೆ ಬಟ್ಟೆಯ ಹಾಗೆ ಬೇರಿಗೆ ಅಂಟಿಕೊಂಡಿರುತ್ತದೆ. ತೆಂಗಿನ ನಾರಿನ ಪುಡಿಗೂ ಇದೇ ಮಾತು.

ಕುಂಡ 10ರಿಂದ 12 ಇಂಚಿನದು, ಮಣ್ಣಿನದಾದರೆ ಉತ್ತಮ. ಗೋಡೆಯಿಂದಲೂ ತೇವ ಆರುತ್ತದೆ. ಪ್ಲಾಸ್ಟಿಕ್ ಆದರೆ ತಳದಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ನಾಲ್ಕಾದರೂ ಇರಲಿ. ತಳದಲ್ಲಿ ನಾಲ್ಕಿಂಚು ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ, ಆದರೆ ಅದು ನಿಜವಲ್ಲ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಎರಡೂ ಸೇರುವ ಜಾಗದಲ್ಲಿ ಮಣ್ಣು ಪೂರ್ತಿ ನೆನೆದು ನಿಲ್ಲುತ್ತದೆ. ಜಲ್ಲಿ ಎಷ್ಟು ದಪ್ಪವೋ ಬೇರಿಗೆ ಅಷ್ಟು ಮಣ್ಣು ಕಡಿಮೆ, ತೇವ ಅಷ್ಟು ಹತ್ತಿರ. ತೂತಿನ ಮೇಲೆ ಒಂದೊಂದು ಬಾಗಿದ ಹೆಂಚಿನ ಚೂರು ಬೋರಲು ಹಾಕಿ, ಕಲ್ಲು ಮರಳನ್ನೆಲ್ಲ ಮಣ್ಣಿನಲ್ಲೇ ಸಮವಾಗಿ ಬೆರೆಸಿ.

ತುಂಬಿದ ಮೇಲೆ ಪರೀಕ್ಷೆ: ಒಂದು ಲೀಟರ್ ನೀರು ಹಾಕಿ, ಅದು ಇಂಗಿದ ಮೇಲೆ ಮತ್ತೊಂದು ಲೀಟರ್ ಹಾಕಿ. ಎರಡನೆಯದು ಒಂದು ನಿಮಿಷದೊಳಗೆ ಕೆಳಗೆ ಸುರಿಯತೊಡಗಬೇಕು. ಮೇಲೆ ಕೆರೆಯ ಹಾಗೆ ನಿಂತರೆ ಇನ್ನೊಂದು ಪಾಲು ದಪ್ಪ ಮರಳು ಸೇರಿಸಿ ಮತ್ತೆ ತುಂಬಿ.

ಕಡ್ಡಿ ನೆಡುವುದು

ಬೀಜದ ಹಾದಿ ಇದಕ್ಕಿಲ್ಲ ಎಂದೇ ಹೇಳಬಹುದು. ಬೀಜ ಕಟ್ಟುವುದು ತೀರಾ ಕಡಿಮೆ. ಕಡ್ಡಿಯೇ ದಾರಿ, ಅದೂ ಸುಲಭದ ದಾರಿ.

1. ಹೂಗೊಂಚಲಿಲ್ಲದ, ತೀರಾ ಎಳೆಯದೂ ಅಲ್ಲದ, ಕಂದು ಬಣ್ಣಕ್ಕೆ ತಿರುಗಿ ಬಲಿತದ್ದೂ ಅಲ್ಲದ ಕೊಂಬೆ ಆರಿಸಿ. ಬಾಗಿಸಿದರೆ ಟಕ್ಕನೆ ಮುರಿಯುವ ಹದ ಸರಿ.

2. ತುದಿಯಿಂದ 10-12 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಕೆಳಗೆ ಒತ್ತಿಕೊಂಡು ಶುಚಿಯಾದ ಬ್ಲೇಡಿನಿಂದ ಕತ್ತರಿಸಿ. ಕೈಯಲ್ಲಿ ಹಿಂಡಿ ಕಿತ್ತರೆ ತುದಿ ಜಜ್ಜಿಹೋಗಿ ಅಲ್ಲಿಂದಲೇ ಕೊಳೆಯುತ್ತದೆ.

3. ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆಯಿರಿ. ಮೇಲೆ ಎರಡು ಜೊತೆ ಎಲೆ, ಕುಡಿ ಇರಲಿ.

4. ಒಂದು ರಾತ್ರಿ ನೆರಳಲ್ಲಿ ಹಾಗೇ ಇಡಿ. ಎಲೆ ಸ್ವಲ್ಪ ಬಾಡಿದರೆ ಗಾಬರಿ ಬೇಡ. ಕಾಂಡದಲ್ಲಿ ನೀರು ತುಂಬಿರುವ ಗಿಡ ಇದು. ಕೊಯ್ದ ಜಾಗ ಆರಿ ಚರ್ಮ ಕಟ್ಟಿಕೊಂಡ ಮೇಲೆ ನೆಟ್ಟರೆ ಕೊಳೆಯುವುದು ಕಡಿಮೆ.

5. ಕೋಲಿನಿಂದ ತೂತು ಮಾಡಿ, ಎರಡು ಗೆಣ್ಣು ಮುಳುಗುವ ಹಾಗೆ 4-5 ಸೆಂಟಿಮೀಟರ್ ಆಳಕ್ಕೆ ಇಳಿಸಿ ಮಣ್ಣು ಒತ್ತಿ. 12 ಇಂಚಿನ ಕುಂಡಕ್ಕೆ ಮೂರು ಕಡ್ಡಿ, ಅಡುಗೆ ಒಲೆಯ ಮೂರು ಗುಂಡಿನ ಹಾಗೆ.

6. ಒಂದು ಸಲ ನೀರು ಹಾಕಿ. ಆಮೇಲೆ ಮೇಲಿನ ಮಣ್ಣು ಒಣಗಿದಾಗ ಮಾತ್ರ. ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಒಳಗಿನ ಬೆವರಿಗೆ ರೋಮದ ಎಲೆ ಕೊಳೆಯುತ್ತದೆ.

ಜಗಲಿಯ ಬೆಳಕಿನ ನೆರಳಲ್ಲಿ ಹತ್ತು ಹದಿನೈದು ದಿನ ಇಟ್ಟರೆ ಬೇರು ಬಿಡುತ್ತದೆ. ಕುಡಿಯಲ್ಲಿ ಹೊಸ ಜೊತೆ ಎಲೆ ಬಿಚ್ಚಿದರೆ, ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿದ್ದರೆ ಬೇರು ಬಂದಿದೆ ಎಂದರ್ಥ. ಆಗ ಮೂರು ದಿನ ಎಳೆ ಬಿಸಿಲಿಗೆ, ಮತ್ತೆ ಮೂರು ದಿನ ಹನ್ನೊಂದು ಗಂಟೆಯ ಬಿಸಿಲಿನವರೆಗೆ, ಹೀಗೆ ರೂಢಿ ಮಾಡಿಸಿ. ನೇರವಾಗಿ ನೆತ್ತಿ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ.

ಗಿಡ 15-20 ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ಕುಡಿ ಚಿವುಟಿ. ಕೆಳಗಿನ ಗೆಣ್ಣಿನಿಂದ ಎರಡೆರಡು ಕವಲು ಒಡೆದು ಪೊದೆಯಾಗುತ್ತದೆ. ಚಿವುಟದಿದ್ದರೆ ಒಂದೇ ಕಾಂಡ ಉದ್ದ ಹೋಗಿ ಎಲೆಯ ಭಾರಕ್ಕೆ ಮುರಿಯುತ್ತದೆ.

ಜಾಗ

ದಿನಕ್ಕೆ ನಾಲ್ಕರಿಂದ ಆರು ಗಂಟೆ ಬಿಸಿಲು ಬೇಕು. ಬಿಸಿಲಲ್ಲಿ ಬೆಳೆದ ಎಲೆ ಚಿಕ್ಕದು, ದಪ್ಪ, ಸ್ವಲ್ಪ ಹಳದಿ ಛಾಯೆಯದು; ಘಮ ಜಾಸ್ತಿ. ನೆರಳಿನದು ಅಗಲ, ತೆಳು, ಗೆಣ್ಣಿನಿಂದ ಗೆಣ್ಣಿಗೆ ದೂರ. ಬಜ್ಜಿಗೆ ಅಗಲದ ಎಲೆ ಬೇಕೆನ್ನುವವರು ಅರೆನೆರಳಲ್ಲಿ ಒಂದು ಕುಂಡ ಬೇರೆಯಾಗಿ ಇಟ್ಟುಕೊಳ್ಳಬಹುದು.

ಬಚ್ಚಲ ನೀರು ಹರಿಯುವ ಜಾಗ ಬಸಳೆಗೆ, ಕೆಸುವಿಗೆ, ಬಾಳೆಗೆ ಸರಿ. ದೊಡ್ಡಪತ್ರೆಗೆ ಅಲ್ಲ. ಅಡಿಕೆ ತೋಟದ ಒಳಗೂ ಬೇಡ. ನೆರಳು, ತೇವ ಒಂದು ಕಾರಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇನ್ನೊಂದು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿದ ದ್ರಾವಣ ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಕೆಳಗಿನ ಗಿಡಗಳ ಮೇಲೆಲ್ಲ ಬೀಳುತ್ತದೆ. ರೋಮದ ಎಲೆಗೆ ಅಂಟಿದ ತಾಮ್ರ ಸುಲಭಕ್ಕೆ ತೊಳೆದುಹೋಗುವುದಿಲ್ಲ. ತೋಟದ ಅಂಚಿನಲ್ಲಿ ಗಿಡ ಇದ್ದರೆ ಔಷಧಿ ಹೊಡೆಯುವ ದಿನ ಟಾರ್ಪಾಲು ಮುಚ್ಚಿ. ಮೇಲೆ ಬಿದ್ದುಬಿಟ್ಟಿದ್ದರೆ ಆ ಎಲೆಗಳನ್ನೆಲ್ಲ ಕಿತ್ತು ಹಾಕಿ, ಹೊಸ ಚಿಗುರಿನ ಎಲೆಯನ್ನೇ ಬಳಸಿ.

ನೆಲದಲ್ಲಿ ನೆಡುವುದಾದರೆ ಏರುಮಡಿ ಕಡ್ಡಾಯ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಒಂದಡಿ ಎತ್ತರ ಸಾಕು. ತೀರ್ಥಹಳ್ಳಿಯಿಂದ ಪಶ್ಚಿಮಕ್ಕೆ ಒಂದೂವರೆ ಅಡಿ. ಮಡಿಯ ಸುತ್ತ ಜಂಬಿಟ್ಟಿಗೆ ಕಲ್ಲು ಜೋಡಿಸಿ, ನೀರು ಇಳಿಯುವ ಕಡೆಗೆ ಒಂದು ಬಸಿಗಾಲುವೆ ತೆಗೆಯಿರಿ. ಗಿಡದಿಂದ ಗಿಡಕ್ಕೆ ಎರಡಡಿ. ಹತ್ತಿರ ನೆಟ್ಟರೆ ಮಳೆಗಾಲದಲ್ಲಿ ಗಾಳಿ ಆಡುವುದಿಲ್ಲ. ಹುಲಿಕಲ್, ಆಗುಂಬೆಯ ಆಸುಪಾಸಿನವರಿಗೆ ನೆಲದ ಯೋಚನೆಯೇ ಬೇಡ, ಎತ್ತಿಡಲು ಬರುವ ಕುಂಡವೇ ಸರಿ.

ನೀರು, ಗೊಬ್ಬರ

ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ. ತಂಪು ತಾಗಿದರೆ ನೀರು ಬೇಡ. ಚಳಿಗಾಲದಲ್ಲಿ ಕುಂಡಕ್ಕೆ ಎಂಟು ಹತ್ತು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ವಾರಕ್ಕೆರಡು ಸಲ, ನೆಲದ ಗಿಡಕ್ಕೆ ಬೇಸಿಗೆಯಲ್ಲೂ ವಾರಕ್ಕೊಮ್ಮೆ ಸಾಕಾಗುತ್ತದೆ. ಹಾಕುವಾಗ ಕೆಳಗಿನಿಂದ ಹೊರಬರುವಷ್ಟು ಹಾಕಿ, ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಿ, ಬೆಳಿಗ್ಗೆ ಹಾಕಿ. ದಿನಾ ಒಂದೊಂದು ಚೊಂಬು ಹಾಕುವ ಪ್ರೀತಿಯೇ ಈ ಗಿಡಕ್ಕೆ ಮುಳುವು. ಬೇಸಿಗೆಯ ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಎದ್ದರೆ ಅದು ಬಾಯಾರಿಕೆ ಅಲ್ಲ. ಬೆಳಿಗ್ಗೆಯೂ ಜೋತೇ ಇದ್ದು, ಹಿಡಿದರೆ ರಬ್ಬರಿನ ಹಾಗೆ ಬಾಗಿದರೆ ಆಗ ನೀರು ಕೊಡಿ.

ಗೊಬ್ಬರ ವರ್ಷಕ್ಕೆ ಎರಡು ಸಲ, ಅಕ್ಟೋಬರ್ ಕೊನೆಗೆ ಮತ್ತು ಮಾರ್ಚ್‌ಗೆ, ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ. ಯೂರಿಯಾ, ಸಗಣಿ ನೀರು, ಗೋಮೂತ್ರ ಎಂದು ವಾರ ವಾರ ಹಾಕಿದರೆ ಕಾಂಡ ನೀರು ತುಂಬಿ ಮೆತ್ತಗಾಗುತ್ತದೆ, ಘಮ ಇಳಿಯುತ್ತದೆ, ಹಿಟ್ಟು ತಿಗಣೆ ಹುಡುಕಿಕೊಂಡು ಬರುತ್ತದೆ, ಹೂವಂತೂ ಬರುವುದೇ ಇಲ್ಲ.

ಮೇ ತಿಂಗಳ ಕೆಲಸ

ವರ್ಷದ ಉಳಿದ ಕೆಲಸದಲ್ಲಿ ಹೆಚ್ಚುಕಮ್ಮಿಯಾದರೂ ಗಿಡ ತಡೆದುಕೊಳ್ಳುತ್ತದೆ. ಮೇ ತಿಂಗಳದ್ದು ತಪ್ಪಿದರೆ ಗಿಡ ಉಳಿಯುವುದಿಲ್ಲ.

ಮೇ ಎರಡನೇ ವಾರದೊಳಗೆ ಗಿಡವನ್ನು ಅರ್ಧ ಎತ್ತರಕ್ಕೆ ಕತ್ತರಿಸಿ. ಮುಂಗಾರಿಗೆ ಮೂರು ವಾರವಾದರೂ ಮೊದಲು ಆಗಬೇಕು, ಕೊಯ್ದ ಗಾಯ ಆರಬೇಕಲ್ಲ. ನೆಲಕ್ಕೆ ತಾಗುವ ಎಲೆ, ಒಳಗಿನ ಹಳದಿ ಎಲೆ, ಒಂದರ ಮೇಲೊಂದು ಹಾದ ಕವಲು ಎಲ್ಲ ತೆಗೆಯಿರಿ. ಪೊದೆಯ ನಡುವೆ ಆಚೆ ಕಡೆ ಕಾಣುವಂತಿರಬೇಕು. ನೆಲಕ್ಕೆ ಮಲಗಿದ ಕೊಂಬೆ ಗೆಣ್ಣಿನಲ್ಲಿ ಬೇರು ಬಿಟ್ಟಿದ್ದರೆ ಆ ತುಂಡನ್ನು ಬೇರೆ ಮಾಡಿ ಕುಂಡಕ್ಕೆ ಹಾಕಿ. ಬೇಸಿಗೆಯಲ್ಲಿ ಹೊಸ ಗಿಡ ಕೊಟ್ಟ ಆ ಗೆಣ್ಣೇ ಮಳೆಗಾಲದಲ್ಲಿ ಕೊಳೆ ಒಳಗೆ ಹೋಗುವ ಬಾಗಿಲಾಗುತ್ತದೆ. ಬುಡದ ಸುತ್ತ ಹರಡಿದ ತರಗೆಲೆ ಪೂರ್ತಿ ತೆಗೆದು, ಒಂದಿಂಚು ದಪ್ಪಕ್ಕೆ ಹೆಂಚಿನ ಚೂರು ಹಾಸಿ. ಮಣ್ಣು ಎಲೆಗೆ ಸಿಡಿಯುವುದು ನಿಲ್ಲುತ್ತದೆ.

ಕತ್ತರಿಸಿದ್ದರಲ್ಲಿ ನಾಲ್ಕೈದು ಒಳ್ಳೆಯ ಕಡ್ಡಿ ಆರಿಸಿ, ಚಿಕ್ಕ ಕುಂಡದಲ್ಲಿ ನೆಟ್ಟು, ಕಿಟಕಿಯ ಒಳಗೆ ಇಟ್ಟುಕೊಳ್ಳಿ. ಹೊರಗಿನ ಗಿಡ ಹೋದರೂ ಬೀಜದ ಭತ್ತದಂತೆ ಇವು ಉಳಿಯುತ್ತವೆ.

ಕುಂಡಗಳನ್ನು ಜೂನ್ ಮೊದಲ ವಾರಕ್ಕೆ ಜಗಲಿಗೆ ಎತ್ತಿ. ಸೂರಿನಡಿ ಇಡುವವರು ಒಂದು ವಿಷಯ ಗಮನಿಸಬೇಕು: ಹೆಂಚಿನ ಅಂಚಿನಿಂದ ಬೀಳುವ ಸೂರುನೀರು ಮಳೆಗಿಂತ ಹತ್ತು ಪಾಲು ಕೆಟ್ಟದ್ದು. ಧಾರೆಯ ಗೆರೆಯಿಂದ ಎರಡಡಿಯಾದರೂ ಒಳಗಿರಲಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ, ಎರಡು ಕಲ್ಲಿನ ಮೇಲೆ ಎತ್ತಿಡಿ. ನೆಲದ ಗಿಡಕ್ಕೆ ನಾಲ್ಕು ಗೂಟ ಹುಗಿದು ಎರಡೂವರೆ ಅಡಿ ಎತ್ತರದಲ್ಲಿ ಪಾರದರ್ಶಕ ಶೀಟು ಇಳಿಜಾರಾಗಿ ಕಟ್ಟಿ. ಮೇಲೆ ಮಾತ್ರ ಮುಚ್ಚಿ, ನಾಲ್ಕೂ ಬದಿ ತೆರೆದಿರಲಿ. ಅಡಿಕೆ ಸೋಗೆ ಹೊದಿಸಿದರೆ ಮಳೆ ನಿಲ್ಲುತ್ತದೆ, ಆದರೆ ಮೊದಲೇ ಕಡಿಮೆ ಇರುವ ಬೆಳಕೂ ನಿಂತುಹೋಗುತ್ತದೆ.

ಜಗಲಿಯಲ್ಲಿದ್ದ ಕುಂಡಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು ಹಾಕಿದರೂ ಸಾಕು, ಗಾಳಿಯ ತೇವವೇ ಅಷ್ಟಿರುತ್ತದೆ. ಗೊಬ್ಬರ ಬೇಡ. ಎಲೆ ಕಿತ್ತರೂ ಮಳೆ ಬಿಟ್ಟ ಹೊತ್ತಿನಲ್ಲಿ ಕೀಳಿ.

ಹೂವು, ಜೇನು

ದೊಡ್ಡಪತ್ರೆಗೆ ಹೂ ಬಿಡುತ್ತದೆಯೇ ಎಂದು ಕೇಳುವವರೇ ಹೆಚ್ಚು. ಬಿಡುತ್ತದೆ. ಅಡುಗೆಗೆಂದು ವಾರ ವಾರ ಕುಡಿ ಚಿವುಟುವ ಗಿಡದಲ್ಲಿ ಕಾಣುವುದಿಲ್ಲ ಅಷ್ಟೆ. ಹೂಗೊಂಚಲು ಹುಟ್ಟುವುದೇ ಕುಡಿಯಲ್ಲಿ.

ಎರಡು ಗಿಡ ಇಟ್ಟುಕೊಳ್ಳುವುದು ಒಳ್ಳೆಯದು: ಒಂದು ಅಡುಗೆಗೆ, ಒಂದು ಜೇನಿಗೆ. ಜೇನಿನ ಗಿಡವನ್ನು ನವೆಂಬರ್ ನಂತರ ಚಿವುಟಬೇಡಿ, ಮಾರ್ಚ್‌ನ ಗೊಬ್ಬರ ಬಿಟ್ಟುಬಿಡಿ, ದೊಡ್ಡ ಕುಂಡಕ್ಕೆ ಬದಲಿಸಬೇಡಿ, ನೀರು ಇನ್ನೂ ಬಿಗಿ ಮಾಡಿ, ಮನೆಯಲ್ಲೇ ಅತಿ ಹೆಚ್ಚು ಬಿಸಿಲು ಬೀಳುವ ಜಾಗದಲ್ಲಿಡಿ. ಚಳಿಗಾಲ ಇಳಿದು ಬಿಸಿಲೇರುವ ಹೊತ್ತಿಗೆ ಕುಡಿಯಿಂದ ಗೇಣುದ್ದದ ತೆನೆ ಏಳುತ್ತದೆ. ಅದರಲ್ಲಿ ಸುತ್ತು ಸುತ್ತಾಗಿ ತಿಳಿ ನೇರಳೆ ಹೂ. ಒಂದು ವರ್ಷ ತಪ್ಪಿದರೂ ಬೇಸರ ಬೇಡ. ಹೂವಿನ ವಿಚಾರದಲ್ಲಿ ಇದು ತುಳಸಿಯಷ್ಟು ನಿಯತ್ತಿನ ಗಿಡವಲ್ಲ.

ಆ ಹೂವನ್ನು ಹತ್ತಿರದಿಂದ ನೋಡಬೇಕು. ಎರಡು ತುಟಿಯ ಹೂ. ಮೇಲಿನ ತುಟಿ ಚಿಕ್ಕದು, ನೆಟ್ಟಗೆ ನಿಂತದ್ದು. ಕೆಳಗಿನದು ದೋಣಿಯ ಆಕಾರ. ಕೇಸರಗಳು ಆ ದೋಣಿಯೊಳಗೆ ಮಲಗಿರುತ್ತವೆ. ಜೇನ್ನೊಣ ಬಂದು ಕೂತದ್ದೇ ಭಾರಕ್ಕೆ ದೋಣಿ ಕೆಳಗೆ ಬಾಗುತ್ತದೆ, ಕೇಸರ ಹೊರಗೆ ಬಂದು ನೊಣದ ಹೊಟ್ಟೆಗೆ ಪರಾಗ ಬಳಿಯುತ್ತದೆ. ಕಾಮಕಸ್ತೂರಿ, ತುಳಸಿಯಲ್ಲೂ ಪರಾಗ ಅಂಟುವುದು ನೊಣದ ಹೊಟ್ಟೆಯ ಕಡೆಗೇ. ತುಡುವೆ ಜೇನು, ಮಿಸ್ರಿ ಜೇನು ಎರಡೂ ಇಂಥ ಹೂಗಳಿಗೆ ಬರುತ್ತವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ, ಗುಂಪು ಕಟ್ಟದೆ ಒಂಟಿಯಾಗಿ ಬದುಕುವ ಜೇನ್ನೊಣವೂ ಬರುತ್ತದೆ. ಒಂದು ಹೂವಿನಲ್ಲಿ ನಿಂತಲ್ಲಿ ನಿಲ್ಲದೆ ಜುಂಯ್ ಎಂದು ತಿರುಗುವುದೇ ಅದರ ಗುರುತು. ಅದು ಗೂಡು ಮಾಡುವುದು ಮಣ್ಣಿನ ದರೆಯಲ್ಲಿ, ಹಳೆಯ ಮಣ್ಣುಗೋಡೆಯಲ್ಲಿ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದ ಮನೆಗೆ ಅದು ಬರುವುದು ಕಡಿಮೆಯಾದರೆ ಆಶ್ಚರ್ಯವಿಲ್ಲ.

ದೊಡ್ಡಪತ್ರೆ ಒಂದರಿಂದ ವರ್ಷವಿಡೀ ಜೇನಿಗೆ ಮೇವಾಗದು. ಪಕ್ಕದಲ್ಲಿ ಎರಡು ತುಳಸಿ, ಒಂದು ಕಾಮಕಸ್ತೂರಿ ಇರಲಿ, ಅವುಗಳ ತೆನೆಯನ್ನೂ ಪೂರ್ತಿ ಚಿವುಟಬೇಡಿ. ಮಳೆ ಇಳಿಯುವ ಹೊತ್ತಿಗೆ ಗದ್ದೆಯಂಚಿನಲ್ಲಿ, ಅಂಗಳದಲ್ಲಿ ತಾನಾಗಿ ಏಳುವ ತುಂಬೆಯನ್ನು ಕಳೆಯೆಂದು ಕೀಳದೆ ಒಂದು ಮೂಲೆಯಲ್ಲಾದರೂ ಬಿಡಿ. ಬೇಸಿಗೆಯಲ್ಲಿ ಕಲ್ಲು ಹಾಕಿದ ಚಪ್ಪಟೆ ತಟ್ಟೆಯಲ್ಲಿ ನೀರಿಡಿ, ಜೇನು ಕಲ್ಲಿನ ಮೇಲೆ ಕೂತು ಕುಡಿಯುತ್ತದೆ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲವಾದರೆ ಸೊಳ್ಳೆ ಮರಿ ಮಾಡುತ್ತದೆ.

ಹೂ ಮುಗಿದು ತೆನೆ ಕಂದಾದ ಮೇಲೆ ಎರಡು ಜೊತೆ ಎಲೆ ಕೆಳಗೆ ಸೇರಿಸಿ ಕತ್ತರಿಸಿ.

ಕೆಟ್ಟಾಗ ಏನು ನೋಡಬೇಕು

ಮಣ್ಣು ಒದ್ದೆ ಇದ್ದೂ ಎಲೆ ಬಾಡಿದರೆ ಅದು ಬುಡಕೊಳೆ. ನೀರು ಹಾಕುವುದು ಅಲ್ಲಿಗೇ ನಿಲ್ಲಿಸಿ. ಕಾಂಡವನ್ನು ಬುಡದಿಂದ ಮೇಲಕ್ಕೆ ಒಂದೊಂದಿಂಚು ಕತ್ತರಿಸುತ್ತಾ ಬನ್ನಿ. ಒಳಗೆ ಕಂದು ಚುಕ್ಕೆ ಇಲ್ಲದೆ ತಿಳಿಹಸಿರು ತಿರುಳು ಕಾಣುವ ಕಡೆಯಿಂದ ಮೇಲಿನ ಭಾಗವನ್ನು ಕಡ್ಡಿ ಮಾಡಿ ನೆಡಿ. ಪ್ರತಿ ಸಲ ಕತ್ತರಿಸುವ ಮುಂಚೆ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ. ಉಳಿದದ್ದನ್ನು ಸುಡಿ, ಆ ಮಣ್ಣನ್ನು ಈ ಜಾತಿಯ ಯಾವ ಗಿಡಕ್ಕೂ ಮತ್ತೆ ಬಳಸಬೇಡಿ. ಬುಡ ಕಪ್ಪಾದ ಗಿಡಕ್ಕೆ ಔಷಧಿ ಹುಡುಕಿ ವಾರ ಕಳೆದರೆ ಉಳಿಯಬಹುದಾಗಿದ್ದ ಮೇಲಿನ ಕಡ್ಡಿಯೂ ಹೋಗುತ್ತದೆ.

ಎಲೆಯ ನಡುವೆ ನೀರು ಕುಡಿದಂಥ ಕಂದು ಕಲೆ ಬಂದರೆ ಎಲೆ ರಾತ್ರಿಯೆಲ್ಲ ಒದ್ದೆ ಇದೆ ಎಂದರ್ಥ. ಆ ಎಲೆ ಕಿತ್ತು, ಗಿಡವನ್ನು ಗಾಳಿಗೆ ಸರಿಸಿ.

ಗೆಣ್ಣಿನ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಹಿಟ್ಟು ತಿಗಣೆ. ಇರುವೆ ಸಾಲು ಕಂಡರೆ ಮೊದಲು ಅದರ ದಾರಿ ತಪ್ಪಿಸಿ. ತಿಗಣೆಯನ್ನು ಕಾಯುವುದು, ಹೊಸ ಕುಡಿಗೆ ಸಾಗಿಸುವುದು ಇರುವೆಯೇ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವಿನ ಕಲ್ಲಿನ ಮೇಲೆ ಇಟ್ಟರೆ ದಾರಿ ಕಡಿಯುತ್ತದೆ. ತಿಗಣೆಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಹೆಚ್ಚಾಗಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪು ನೀರು ಕಲಕಿ ಸಂಜೆ ಸಿಂಪಡಿಸಿ. ಎರಡು ಎಲೆಗೆ ಹಾಕಿ ಒಂದು ದಿನ ಕಾದು ನೋಡಿ ಆಮೇಲೆ ಇಡೀ ಗಿಡಕ್ಕೆ; ರೋಮದ ಎಲೆ ಎಣ್ಣೆ ಹಿಡಿದುಕೊಂಡು ಬಿಸಿಲಿಗೆ ಸುಡುವುದುಂಟು. ಹೂತೆನೆಗೆ ಸಿಂಪಡಿಸಬೇಡಿ. ಆ ಗಿಡದ ಎಲೆಯನ್ನು ಒಂದು ವಾರ ಅಡುಗೆಗೆ ತೆಗೆಯಬೇಡಿ.

ಎಲೆಯಲ್ಲಿ ತೂತು, ಪಕ್ಕದಲ್ಲಿ ಹೊಳೆಯುವ ಲೋಳೆಯ ಗೆರೆ ಇದ್ದರೆ ಬಸವನಹುಳು. ಬೂದಿಯ ಬಳೆ ಹಾಕಿ ಎನ್ನುತ್ತಾರೆ. ನಮ್ಮ ಮಳೆಗೆ ಬೂದಿ ಒಂದು ಗಂಟೆಯೂ ಒಣಗಿರುವುದಿಲ್ಲ, ಒದ್ದೆಯಾದ ಬೂದಿಯ ಮೇಲೆ ಹುಳು ಸಲೀಸಾಗಿ ಹೋಗುತ್ತದೆ. ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ಆರಿಸುವುದೇ ಖಚಿತ ದಾರಿ. ಕೈಗೆ ಕವರ್ ಹಾಕಿಕೊಳ್ಳಿ, ಆರಿಸಿದ್ದನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಣ್ಣಿನ ಮೇಲೆ ಎರಚಬೇಡಿ, ಬೇರು ಸಾಯುತ್ತದೆ.

ಎಲೆ ಒಳಮುಖ ಬಟ್ಟಲಾಗಿ, ಅಂಚು ಕೆಂಪಾದರೆ ಬಿಸಿಲು ಹೆಚ್ಚು ಅಥವಾ ನೀರು ತೀರಾ ಕಡಿಮೆ. ಜೇನಿನ ಗಿಡದಲ್ಲಿ ಇದು ಸ್ವಲ್ಪ ಮಟ್ಟಿಗೆ ಇದ್ದರೆ ಇರಲಿ.

ಕೊಯ್ಲು

ನೆಟ್ಟ ಎರಡು ತಿಂಗಳಿಗೆ ಎಲೆ ಕೀಳಬಹುದು. ಕುಡಿ ಬಿಟ್ಟು ಮೂರನೇ, ನಾಲ್ಕನೇ ಜೊತೆಯಿಂದ ತೊಟ್ಟು ಸಹಿತ ತೆಗೆಯಿರಿ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗ ದಾಟಬೇಡಿ. ತಂಬುಳಿಗೆ ನಾಲ್ಕು ಜನಕ್ಕೆ ಹದಿನೈದು ಎಲೆ ಸಾಕು: ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿಸಿ, ಆರಿದ ಮೇಲೆ ಅರ್ಧ ಬಟ್ಟಲು ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಡಿ. ಕುದಿಸಬೇಡಿ. ಶೀತಕ್ಕೆ ಎಲೆ ಬಾಡಿಸಿ ರಸ ಹಿಂಡಿ ಜೇನುತುಪ್ಪದಲ್ಲಿ ಕೊಡುವ ರೂಢಿ ಇದೆಯಷ್ಟೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು, ಉಸಿರಾಟದ ತೊಂದರೆಗೆ ಎಲೆಯ ರಸ ವೈದ್ಯರ ಬದಲಿಯಲ್ಲ.

ಎರಡು ಮೂರು ವರ್ಷಕ್ಕೆ ಬುಡ ಬೋಳಾಗಿ ಕಟ್ಟಿಗೆಯಾಗುತ್ತದೆ, ಎಲೆ ತುದಿಯಲ್ಲಷ್ಟೇ ಉಳಿಯುತ್ತದೆ. ಆ ಗಿಡವನ್ನು ಎಳೆದಾಡುವುದಕ್ಕಿಂತ ಅಕ್ಟೋಬರ್‌ನಲ್ಲಿ ಕಡ್ಡಿ ತೆಗೆದು ಹೊಸ ಮಣ್ಣಿನಲ್ಲಿ ನೆಡಿ. ಮಿಕ್ಕ ಕಡ್ಡಿಯನ್ನು ದೂರದ ನೆಂಟರಿಗೆ ಕಳಿಸುವುದಾದರೆ ಒಂದು ದಿನ ನೆರಳಲ್ಲಿ ಬಾಡಿಸಿ, ಒಣ ಪೇಪರಿನಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಡಿ. ಮೂರು ನಾಲ್ಕು ದಿನ ಏನೂ ಆಗುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೆಂಗಳೂರು ತಲುಪುವಷ್ಟರಲ್ಲೇ ಎಲೆ ಕಪ್ಪಾಗತೊಡಗಿರುತ್ತದೆ.